ಮಡಿದವರ ಹೆಸರು, ಮರಳಿದವರ ಭಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಜುಲೈ 26ರ ಕಾರ್ಗಿಲ್ ವಿಜಯ ದಿವಸ ಹತ್ತಿರ ಬಂದಾಗ ಸೈನಿಕರ ಮನೆಗಳಿಂದ, ಊರುಗಳಿಂದ ಬರುವ ಪತ್ರಗಳು ಹೆಚ್ಚುತ್ತವೆ. ಈ ಬಾರಿ ಆರು ಪತ್ರಗಳಿಗೆ ಉತ್ತರ ಇಲ್ಲಿದೆ. ಸೈನಿಕ ದಾಖಲೆ, ಪಿಂಚಣಿ, ಕಲ್ಲುಕೆಲಸ ಮತ್ತು ಮಾನಸಿಕ ಆರೋಗ್ಯ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಕೊಟ್ಟಿಲ್ಲ.

ನಮ್ಮೂರಿನ ಮೂವರು ಸೈನ್ಯದಾಗ ತೀರಿಕೊಂಡಾರ. ಒಬ್ಬರು 1971ರಾಗ, ಒಬ್ಬರು 1999ರಾಗ, ಇನ್ನೊಬ್ಬ ಹುಡುಗ ತರಬೇತಿ ವ್ಯಾಳ್ಯಾದಾಗ. ಯುವಕ ಮಂಡಳದವರು ಕೂಡಿ ಬಸ್ ಸ್ಟ್ಯಾಂಡ್ ಹತ್ರ ಒಂದು ಕಲ್ಲು ನಿಲ್ಲಸಬೇಕಂತ ಮಾಡೀವಿ. ಎಂಥಾ ಕಲ್ಲು, ಏನು ಬರಸಬೇಕು, ಎಷ್ಟು ಆಳ ಹುಗೀಬೇಕು?
– ಗೋಕಾಕ ತಾಲ್ಲೂಕಿನ ಓದುಗರು

ಕಲ್ಲಿನ ಅಂಗಡಿಗೆ ಹೋಗುವ ಮೊದಲು ಹೆಸರಿನ ಕೆಲಸ ಮುಗಿಸಿ. ಒಬ್ಬೊಬ್ಬರಿಗೂ ಆರು ವಿವರ ಬೇಕು: ಸೇನಾ ಸಂಖ್ಯೆ, ಹುದ್ದೆ, ಪೂರ್ಣ ಹೆಸರು, ಘಟಕ, ತೀರಿಕೊಂಡ ದಿನ, ತೀರಿಕೊಂಡ ಜಾಗ. ಇವು ಮನೆಯವರ ಬಳಿಯಿರುವ ಪಿಂಚಣಿ ಆದೇಶದಲ್ಲಿ ಅಥವಾ ಆಗ ಬಂದ ಪತ್ರದಲ್ಲಿ ಸಿಗುತ್ತವೆ. ಸಿಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾಗಿದ್ದರೆ ಕಚೇರಿ ಬೆಳಗಾವಿಯಲ್ಲೇ ಇದೆ. ಮದ್ರಾಸ್ ಸ್ಯಾಪರ್ಸ್‌ನವರಾಗಿದ್ದರೆ ಬೆಂಗಳೂರಿನಲ್ಲಿದೆ. ಉತ್ತರ ಬರಲು ವಾರಗಳು ಹಿಡಿಯಬಹುದು. ಆದ್ದರಿಂದ ಜುಲೈಯನ್ನೇ ಗಡುವು ಮಾಡಿಕೊಳ್ಳಬೇಡಿ. ತಪ್ಪು ಹೆಸರಿನ ಕಲ್ಲು ಸಮಯಕ್ಕೆ ಸರಿಯಾಗಿ ನಿಂತರೆ ಆ ಮನೆಯವರಿಗೆ ಆಗುವ ನೋವು ದೊಡ್ಡದು.

ಹೆಚ್ಚು ತಪ್ಪುವುದು ಎರಡು ಕಡೆ. ಮೊದಲನೆಯದು ಹೆಸರು. ಸೇನೆಯ ಕಡತದಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಹೆಸರು ಕನ್ನಡಕ್ಕೆ ಮರಳುವಾಗ ಒತ್ತು, ದೀರ್ಘ ಕಳೆದುಕೊಂಡಿರುತ್ತದೆ. ಕಲ್ಲಿನ ಮೇಲೆ ಮನೆಯವರು ಕರೆಯುವ ರೂಪ ಇರಲಿ. ಪಕ್ಕದಲ್ಲಿ ಸೇನಾ ಸಂಖ್ಯೆ ಇದ್ದರೆ ದಾಖಲೆಗೂ ಕಲ್ಲಿಗೂ ತಾಳೆ ತಪ್ಪುವುದಿಲ್ಲ. ಎರಡನೆಯದು ದಿನಾಂಕ. ಊರಿನವರಿಗೆ ನೆನಪಿರುವುದು ಪೆಟ್ಟಿಗೆ ಬಂದ ದಿನ, ತೀರಿಕೊಂಡ ದಿನವಲ್ಲ. ಘಟನೆಯ ದಿನವೂ ಸಾವಿನ ದಿನವೂ ಬೇರೆಯಾಗಿರಬಹುದು. ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದದ್ದು 2016ರ ಫೆಬ್ರುವರಿ 3ರಂದು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು, ಜೀವಂತವಾಗಿ ಹೊರಬಂದು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂಥಲ್ಲಿ ಎರಡೂ ದಿನಾಂಕ ಬರೆಸಿ.

ತರಬೇತಿಯಲ್ಲಿ ತೀರಿಕೊಂಡ ಹುಡುಗನ ಹೆಸರು ಬೇಕೇ ಎಂಬ ಮಾತು ನಿಮ್ಮಲ್ಲೂ ಎದ್ದಿರಬಹುದು. ಬೇಕು. ಸೇವೆಯಲ್ಲಿದ್ದಾಗ ತೀರಿಕೊಂಡ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ, ತೀರಿಕೊಂಡ ದಿನದ ಅನುಕ್ರಮದಲ್ಲಿ ಬರಲಿ. ಹುದ್ದೆ, ಜಾತಿ, ಮನೆತನ ನೋಡಿ ಮೇಲೆ ಕೆಳಗೆ ಮಾಡಿದರೆ ಜಗಳ ಕಲ್ಲಿನಷ್ಟೇ ಕಾಲ ಉಳಿಯುತ್ತದೆ. ಪ್ರತಿ ಹೆಸರಿನ ಮುಂದೆ ಒಂದು ಸಾಲು ಖಾಲಿ ಬಿಡಿ, ಏಕೆಂದರೆ ಗೌರವ ತಡವಾಗಿಯೂ ಬರುತ್ತದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಯಿಂದ ಮರಳಲಿಲ್ಲ. ಅಂದು ಅವರು ಹೇಗೆ ಹೋರಾಡಿದರು ಎಂಬುದು ಎದುರಾಳಿಯ ಕಡೆಯ ವಿವರಗಳು ಹೊರಬಂದ ಮೇಲೆ ತಿಳಿಯಿತು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ.

ಇನ್ನು ಜಾಗ. ಬಸ್ ನಿಲ್ದಾಣದ ವೃತ್ತ ಬೇಡ. ರಸ್ತೆ ಅಗಲವಾಗುವಾಗ ಮೊದಲು ಕೀಳುವುದು ಅಲ್ಲಿನ ಕಲ್ಲನ್ನೇ, ರಸ್ತೆಯಂಚು ಲೋಕೋಪಯೋಗಿ ಇಲಾಖೆಯದಾದರೆ ಕೇಳುವ ಹಕ್ಕೂ ನಿಮಗಿರುವುದಿಲ್ಲ. ಗ್ರಾಮ ಪಂಚಾಯ್ತಿ ಆವರಣ ಅಥವಾ ಶಾಲೆಯ ಅಂಗಳ ಉತ್ತಮ. ಪಂಚಾಯ್ತಿ ಸಭೆಯಲ್ಲಿ ಠರಾವು ಮಾಡಿಸಿ, ಅದರಲ್ಲಿ ಜಾಗದ ಅಳತೆ ಮತ್ತು ಮುಂದೆ ನೋಡಿಕೊಳ್ಳುವವರು ಯಾರು ಎಂಬುದು ಬರೆದಿರಲಿ. ಶಾಲೆಯಾದರೆ ಅದರ ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮತ್ತು ಶಿಕ್ಷಣ ಇಲಾಖೆಯ ಒಪ್ಪಿಗೆ ಪತ್ರ ತೆಗೆದುಕೊಳ್ಳಿ.

ಅಮೃತಶಿಲೆ ಬೇಡ, ಮಳೆಗೆ ಅದರ ಮೈ ಕರಗಿ ಅಕ್ಷರ ಮಾಸುತ್ತದೆ. ಗ್ರಾನೈಟೇ ಸರಿ. ಹೊಳಪು ಕೊಟ್ಟ ಕರಿ ಗ್ರಾನೈಟಿನಲ್ಲಿ ಕೊರೆದ ಭಾಗ ತಾನಾಗಿಯೇ ಬಿಳುಚಿ ಕಾಣುವುದರಿಂದ ಬಣ್ಣವೇ ಬೇಕಿಲ್ಲ. ಬೂದು ಕಲ್ಲಾದರೆ ಅಕ್ಷರಕ್ಕೆ ಬಣ್ಣ ತುಂಬಬೇಕಾಗುತ್ತದೆ, ಅದು ಕೆಲವೇ ವರ್ಷಗಳಲ್ಲಿ ಮಾಸುತ್ತದೆ. 6 ಅಡಿ ಎತ್ತರ, 3 ಅಡಿ ಅಗಲ, 6 ಇಂಚು ದಪ್ಪದ ಕಲ್ಲು ಹತ್ತಿರ ಹತ್ತಿರ 690 ಕೆ.ಜಿ. ತೂಗುತ್ತದೆ. ಹತ್ತು ಜನ ಹಗ್ಗ ಹಿಡಿದು ನಿಲ್ಲಿಸುವ ಸಾಹಸ ಮಾಡಬೇಡಿ, ಚೈನ್ ಬ್ಲಾಕ್ (ಸರಪಳಿ ರಾಟೆ) ಅಥವಾ ಕ್ರೇನ್ ತರಿಸಿ. ಒಂದೂವರೆ ಅಡಿಯಷ್ಟು ಕಲ್ಲು ನೆಲದೊಳಗೆ ಕಾಂಕ್ರೀಟಿನಲ್ಲಿ ಕೂರಬೇಕು. ನಿಮ್ಮದು ಎರೆ ಭೂಮಿಯಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಎರಡು ಮೂರು ವರ್ಷಕ್ಕೆ ಕಲ್ಲು ವಾಲುತ್ತದೆ. ಆದ್ದರಿಂದ ಎರೆ ಮಣ್ಣು ಪೂರ್ತಿ ತೆಗೆದು ಗರಸು ಸಿಗುವವರೆಗೂ ಅಗೆದು, ಅಲ್ಲಿಂದ ಬುನಾದಿ ಎಬ್ಬಿಸಿ. ಕಲ್ಲು ಮತ್ತು ಪೀಠ ಬೇರೆ ಬೇರೆಯಾದರೆ ನಡುವೆ ಕೂರಿಸುವ ಸಲಾಕೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಗ್ರಾನೈಟನ್ನೇ ಸೀಳುತ್ತದೆ.

ಅಕ್ಷರದ ಎತ್ತರ 30 ಮಿ.ಮೀ.ಗಿಂತ ಕಡಿಮೆಯಾದರೆ ವಯಸ್ಸಾದ ತಾಯಂದಿರಿಗೆ ಓದಲಾಗದು. ಆಳ ಕನಿಷ್ಠ 3 ಮಿ.ಮೀ. ಇರಲಿ. ಸಾಲು ಸಾಲಿನ ನಡುವೆ ಅಕ್ಷರದ ಎತ್ತರದ ಇಮ್ಮಡಿ ಅಂತರ ಬೇಕು, ಇಲ್ಲದಿದ್ದರೆ ‘ಸಿದ್ದಪ್ಪ’ದ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ತೆಳು ಗೆರೆಯ ಫಾಂಟ್ ಬೇಡ, ಮರಳು ಹೊಡೆದು ಕೊರೆಯುವಾಗ ಸಣ್ಣ ಒತ್ತು ಮುರಿಯುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವೊತ್ತು ಜಾಗ ಬದಲಿಸುವುದುಂಟು. ಆದ್ದರಿಂದ ಕೊರೆಯುವ ಮೊದಲು ಅದೇ ಅಳತೆಯ ಕಾಗದದ ಪ್ರತಿ ತೆಗೆಸಿ, ಮೂರೂ ಮನೆಗಳಿಗೆ ಒಯ್ದು, ಮನೆಯವರಿಂದಲೇ ಗಟ್ಟಿಯಾಗಿ ಓದಿಸಿ ಸಹಿ ಪಡೆಯಿರಿ.

ನಮ್ಮ ಹಳೆಯ ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಸನ್ನಿಧಿ, ಅದರ ಮೇಲೆ ಸೂರ್ಯ ಚಂದ್ರ. ಬರಹ ಇರುವ ಎಷ್ಟೋ ಕಲ್ಲುಗಳಲ್ಲಿ ಸತ್ತವನಾರು, ಯಾವ ಕಾಳಗ ಎಂಬುದಷ್ಟನ್ನೇ ಹೇಳಿ ಮುಗಿಸಿರುತ್ತಾರೆ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದೂ ಬೇಗೂರಿನ ಅಂಥ ಒಂದು 9ನೆಯ ಶತಮಾನದ ಕಲ್ಲಿನಲ್ಲಿ. ನಿಮ್ಮ ಕಲ್ಲಿನಲ್ಲೂ ಹೊಗಳಿಕೆಯ ಪದ್ಯ ಬೇಡ, ಉದ್ಘಾಟಿಸಿದವರ ಪಟ್ಟಿಯಂತೂ ಬೇಡವೇ ಬೇಡ. ಅದು ಇರಲೇಬೇಕೆಂದರೆ ಬೇರೆ ಗೋಡೆಯ ಮೇಲೆ ಹಾಕಿ. ಜನ ಎಣ್ಣೆ, ಅರಿಶಿನ, ಕುಂಕುಮ ತರುತ್ತಾರೆ, ತರಲಿ. ಗ್ರಾನೈಟಿನ ರಂಧ್ರಕ್ಕೆ ಎಣ್ಣೆ ಇಳಿದರೆ ಕಲೆ ಹೋಗದ ಕಾರಣ ದೀಪಕ್ಕೂ ಹೂವಿಗೂ ಮುಂದೆ ಒಂದು ಗಿಡ್ಡ ಕಲ್ಲು ಹಾಕಿಸಿ. ತೊಳೆಯಲು ನೀರು ಮತ್ತು ಮೆತ್ತನೆಯ ಬ್ರಷ್ ಸಾಕು, ಆ್ಯಸಿಡ್ ಮುಟ್ಟಿಸಬೇಡಿ.

ನಮ್ಮ ತಮ್ಮನ ಮೇಲೆ ಹೊದಿಸಿದ್ದ ಬಾವುಟ ಟ್ರಂಕಿನಲ್ಲಿದೆ. ಅಮ್ಮ ಅದನ್ನು ತೊಳೆಯಲೂ ಬಿಡುವುದಿಲ್ಲ, ತೆರೆಯಲೂ ಬಿಡುವುದಿಲ್ಲ. ನಮ್ಮದು ಮಲೆನಾಡು, ಬೂಷ್ಟು ಹಿಡಿಯುವ ಭಯ.
– ತೀರ್ಥಹಳ್ಳಿಯಿಂದ ಒಬ್ಬ ಅಕ್ಕ

ತೊಳೆಯದಿರುವುದೇ ಸರಿ, ಅಮ್ಮನ ಮಾತು ನಡೆಯಲಿ. ಆದರೆ ಟ್ರಂಕಿನಿಂದ ಹೊರತೆಗೆಯಬೇಕು. ಕಬ್ಬಿಣದ ತುಕ್ಕು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಪ್ಲಾಸ್ಟಿಕ್ ಚೀಲದೊಳಗೆ ತೇವ ಕೂತು ಬೂಷ್ಟು ಬರುತ್ತದೆ. ಬಿಸಿಲು ಬಿದ್ದ, ಗಾಳಿ ಒಣಗಿರುವ ದಿನ ಅಮ್ಮನ ಎದುರಿಗೇ ತೆರೆದು, ನೆರಳಿನಲ್ಲಿ ಎರಡು ಗಂಟೆ ಹರಡಿ. ಕೋರಾ ಬಟ್ಟೆಯನ್ನು ಎರಡು ಸಲ ಒಗೆದು ಗಂಜಿ ಪೂರ್ತಿ ಹೋಗಿಸಿ, ಒಣಗಿಸಿ, ಅದರಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಡಿ. ನುಸಿಗುಳಿಗೆ ಇಡುವುದಾದರೆ ಬೇರೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ, ಬಾವುಟಕ್ಕೆ ತಾಗಬಾರದು. ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ಗಾಳಿಗೆ ಹಿಡಿದು, ಮತ್ತೆ ಮಡಚುವಾಗ ಮಡಿಕೆಯ ಗೆರೆ ಸ್ವಲ್ಪ ಪಕ್ಕಕ್ಕೆ ಬರುವಂತೆ ಮಡಚಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿದ ಖಾದಿ ಅಲ್ಲೇ ಸೀಳುತ್ತದೆ.

ಮಡಚುವ ಕ್ರಮ ಹೀಗೆ. ಬಾವುಟವನ್ನು ಅಡ್ಡಲಾಗಿ ಹಾಸಿ, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಪಟ್ಟಿಯ ಅಡಿಗೆ ಮಡಚಿ. ನಂತರ ಬಿಳಿಯ ಎರಡೂ ತುದಿಗಳನ್ನು ಒಳಕ್ಕೆ ತಂದು, ಅಶೋಕ ಚಕ್ರವೂ ಕೇಸರಿ, ಹಸಿರಿನ ಅಂಚೂ ಮೇಲೆ ಕಾಣುವಂತೆ ಮಾಡಿ. ಚೌಕಟ್ಟು ಹಾಕಿಸುವುದಾದರೆ ಗಾಜು ಬಟ್ಟೆಗೆ ತಾಗಬಾರದು. ಪಿನ್ನು, ಅಂಟು ಬೇಡ, ಹಿಂದಿನ ಹತ್ತಿ ಬಟ್ಟೆಗೆ ಸಡಿಲ ಹೊಲಿಗೆ ಸಾಕು. ಬಿಸಿಲು ಬೀಳದ ಗೋಡೆ ನೋಡಿ. ಅದೇ ಬಾವುಟವನ್ನು ಆಗಸ್ಟ್ 15ಕ್ಕೆ ಹಾರಿಸಬೇಡಿ. ಹಾರಿಸಲು ಹುಬ್ಬಳ್ಳಿಯ ಬೆಂಗೇರಿ ಖಾದಿ ಕೇಂದ್ರದಲ್ಲಿ ಹೊಲಿದದ್ದನ್ನು ಬೇರೆಯಾಗಿ ತರಿಸಿಕೊಳ್ಳಿ.

1988ರಲ್ಲಿ ಜಾಫ್ನಾ ಬಳಿ ನೆಲಬಾಂಬ್ ಸಿಡಿದು ನನ್ನ ಸೆಕ್ಷನ್ನಿನ ಗೆಳೆಯ ಹೋದ. ಅಂದು ಮುಂದೆ ನಡೆಯಬೇಕಿದ್ದವನು ನಾನು. ಅವನ ಹೆಂಡತಿ, ಮಗ ಕಲಬುರಗಿ ಕಡೆ ಇದ್ದಾರೆ. ಇಷ್ಟು ವರ್ಷ ಹೋಗಲಿಲ್ಲ. ಈಗ ಹೋಗಬಹುದೇ? ಏನು ಹೇಳಲಿ?
– ಹಾಸನ ಜಿಲ್ಲೆಯ ಮಾಜಿ ಸೈನಿಕರು

ಹೋಗಬಹುದು, ಆದರೆ ಮೊದಲು ಅವರನ್ನು ಕೇಳಿ. ಒಂದು ಪತ್ರ ಬರೆಯಿರಿ. ನೀವು ಯಾರು, ಯಾವ ಪಲ್ಟನ್, ಅವರ ಜೊತೆ ಎಷ್ಟು ಕಾಲ ಇದ್ದಿರಿ, ಬಂದು ಮಾತಾಡಲು ಅವರಿಗೆ ಇಷ್ಟವಿದೆಯೇ ಎಂಬುದಿಷ್ಟು ಸಾಕು. ಸಾವಿನ ವಿವರ ಪತ್ರದಲ್ಲಿ ಬೇಡ. ಜೊತೆಗೆ ಫೋನ್ ಸಂಖ್ಯೆ ಕೊಟ್ಟು, ಉತ್ತರ ಕೊಡದಿದ್ದರೂ ಬೇಸರವಿಲ್ಲ ಎಂದು ಬರೆಯಿರಿ. ವಿಳಾಸ ಗೊತ್ತಿಲ್ಲದಿದ್ದರೆ ಜಿಲ್ಲಾ ಸೈನಿಕ ಕಚೇರಿ ನಿಮ್ಮ ಪತ್ರವನ್ನು ತಲುಪಿಸಿಕೊಡಬಹುದು, ವಿಳಾಸವನ್ನೇ ಕೊಡಿ ಎಂದು ಕೇಳಬೇಡಿ. ಮೊದಲ ಭೇಟಿ ಪುಣ್ಯತಿಥಿಯ ದಿನ ಬೇಡ. ಅಂದು ಮನೆ ತುಂಬಾ ಜನ, ಮಾತಿಗೆ ಜಾಗವಿರುವುದಿಲ್ಲ.

ಇಂಥ ಮನೆಗಳಲ್ಲಿ ಕೇಳುವುದು ಬಹುಪಾಲು ಮೂರೇ ಮಾತು: ನೋವು ಅನುಭವಿಸಿದರೇ, ಒಬ್ಬರೇ ಇದ್ದರೇ, ಏನಾದರೂ ಹೇಳಿದರೇ. ಈ ಮೂರಕ್ಕೂ ನಿಮ್ಮ ಉತ್ತರವನ್ನು ಹೋಗುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಸಮಾಧಾನಕ್ಕೆಂದು ಕೊನೆಯ ಮಾತು ಕಟ್ಟಿ ಹೇಳಬೇಡಿ, ಆ ಮಾತನ್ನು ಅವರು ಉಳಿದ ಜೀವನವಿಡೀ ಹಿಡಿದುಕೊಂಡಿರುತ್ತಾರೆ. ಸತ್ಯವನ್ನೆಲ್ಲಾ ಸುರಿಯಬೇಕೆಂದೂ ಇಲ್ಲ. ಗಾಯದ ವರ್ಣನೆ ಅವರು ಕೇಳದೆ ಬೇಡ, ಕೇಳಿದರೂ ಒಂದು ವಾಕ್ಯದಲ್ಲಿ ಮುಗಿಸಿ, ಮುಂದೆ ಬೇಕೇ ಎಂದು ಕೇಳಿ. ಸೇನೆಯಿಂದ ಅವರಿಗೆ ಹೋದ ಪತ್ರದಲ್ಲಿ ಏನಿತ್ತೆಂದು ಮೊದಲು ಅವರ ಬಾಯಿಂದ ಕೇಳಿಸಿಕೊಳ್ಳಿ. ನಿಮ್ಮ ಮಾತು ಅದಕ್ಕೆ ವಿರುದ್ಧವಾದರೆ ಅವರು ಗೊಂದಲಕ್ಕೆ ಬೀಳುತ್ತಾರೆ. ಅಂಥ ವ್ಯತ್ಯಾಸ ಇದ್ದರೆ ಮಗನ ಜೊತೆ ಬೇರೆಯಾಗಿ, ನಿಧಾನವಾಗಿ ಮಾತಾಡಿ.

ಅವರಿಗೆ ನಿಜಕ್ಕೂ ಬೇಕಾದದ್ದು ಬದುಕಿದ್ದಾಗಿನ ಗೆಳೆಯ. ಪಲ್ಟನ್ನಿನ ಊಟದ ಮನೆ ಲಂಗರ್‌ನಲ್ಲಿ ಏನು ತಿನ್ನುತ್ತಿದ್ದ, ರಜೆ ಸಿಕ್ಕಾಗ ಏನು ಕೊಳ್ಳುತ್ತಿದ್ದ, ಮಗನ ಬಗ್ಗೆ ಏನು ಹೇಳುತ್ತಿದ್ದ. ಅಪ್ಪನ ಮುಖ ನೆನಪಿಲ್ಲದೆ ಬೆಳೆದ ಮಗನಿಗೆ ಇದು ಬೇರೆಲ್ಲೂ ಸಿಗದು. ಪಲ್ಟನ್ನಿನ ಹಳೆಯ ಫೋಟೊ ಇದ್ದರೆ ಪ್ರತಿ ತೆಗೆಸಿ ಒಯ್ಯಿರಿ. ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಅಲ್ಲಿನ ತ್ಯಾಗ ಚಕ್ರದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ, ಶ್ರೀಲಂಕಾದ ಆಪರೇಷನ್ ಪವನ್‌ನಲ್ಲಿ ಮಡಿದವರವೂ ಸೇರಿ. ಗೆಳೆಯನ ಹೆಸರಿರುವ ಕಲ್ಲಿನ ಫೋಟೊ ಹಿಡಿದು ಹೋದರೆ ಮಾತು ಆರಂಭಿಸಲು ಸುಲಭ.

‘ಮುಂದೆ ನಡೆಯಬೇಕಿದ್ದವನು ನಾನು’ ಎಂಬ ಮಾತನ್ನು ಮೊದಲ ಭೇಟಿಯಲ್ಲಿ ಹೇಳಬೇಡಿ. ಆ ಹೆಣ್ಣುಮಗಳು ತನ್ನ ದುಃಖ ಬಿಟ್ಟು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ಇಲ್ಲವೇ ಆ ಮಾತು ಅವರ ಎದೆಯಲ್ಲಿ ಬೇರೆ ರೀತಿ ಉಳಿಯುತ್ತದೆ. ಅದನ್ನು ಮೊದಲು ನಿಮ್ಮ ಸೆಕ್ಷನ್ನಿನ ಇನ್ನೊಬ್ಬರೊಡನೆ, ಇಲ್ಲವೇ ಆಪ್ತಸಮಾಲೋಚಕರೊಡನೆ ಬಾಯಿ ಬಿಟ್ಟು ಆಡಿ. ಗಸ್ತಿನಲ್ಲಿ ಮುಂದೆ ಯಾರು, ಹಿಂದೆ ಯಾರು ಎಂಬ ಸರದಿ ಬದಲಾಗುತ್ತಲೇ ಇರುತ್ತದೆ, ನೆಲದಡಿಯ ಬಾಂಬು ನಿಮಗೆ ತಿಳಿದಿರಲಿಲ್ಲ. ತಲೆಗೆ ಇದು ಗೊತ್ತು. ಒಳಗೆ ಇಳಿಯಲು ಒಂದೇ ಮಾತನ್ನು ಹಲವು ಸಲ, ಕೇಳುವ ಕಿವಿ ಇರುವಲ್ಲಿ ಆಡಬೇಕಾಗುತ್ತದೆ. 1987ರಿಂದ 1990ರ ಮಾರ್ಚ್‌ವರೆಗೆ ಶ್ರೀಲಂಕಾದಲ್ಲಿ ಸುಮಾರು 1,200 ಭಾರತೀಯ ಯೋಧರು ಪ್ರಾಣ ಬಿಟ್ಟರು. ಮರಳಿದವರಿಗೆ ಊರಲ್ಲಿ ಮೆರವಣಿಗೆ ಇರಲಿಲ್ಲ, ಕೇಳುವವರೂ ಕಡಿಮೆ ಇದ್ದರು. ನೀವು ಇಷ್ಟು ವರ್ಷ ಸುಮ್ಮನಿದ್ದುದಕ್ಕೆ ಅದೂ ಒಂದು ಕಾರಣ, ಅದನ್ನು ನಿಮ್ಮೊಬ್ಬರ ತಪ್ಪೆಂದು ತಿಳಿಯಬೇಡಿ. ಒಬ್ಬರೇ ಹೋಗಬೇಡಿ, ಬಂದ ಮರುದಿನ ಒಂಟಿಯಾಗಿಯೂ ಇರಬೇಡಿ. ಭೇಟಿಯ ಮೇಲೆ ಒಂದೆರಡು ವಾರ ನಿದ್ದೆ ಕೆಡುವುದು ಸಾಮಾನ್ಯ.

ನಮ್ಮ ಅಪ್ಪ 1999ರಲ್ಲಿ ದ್ರಾಸ್‌ನಲ್ಲಿದ್ದರು, ಸುಬೇದಾರರಾಗಿ ನಿವೃತ್ತರು. ಜೂನ್ ಕಳೆದರೆ ನಿದ್ದೆಯಿಲ್ಲ, ಕ್ಯಾಂಟೀನ್ ರಮ್ ಜಾಸ್ತಿಯಾಗುತ್ತದೆ. ರಾತ್ರಿ ಕೂಗಿಕೊಂಡಾಗ ಎಬ್ಬಿಸಲು ಹೋದ ಅಮ್ಮನ ಕೈ ತಿರುಚಿದರು. ಜುಲೈ 26ರ ಸನ್ಮಾನಕ್ಕೆ ಕರೆದರೆ ತೋಟಕ್ಕೆ ಹೋಗಿಬಿಡುತ್ತಾರೆ. ಏನು ಮಾಡಲಿ?
– ಸೋಮವಾರಪೇಟೆಯಿಂದ ಮಗಳು

ಮೊದಲು ಅಮ್ಮನ ಸುರಕ್ಷತೆ. ಕೂಗಿಕೊಂಡಾಗ ಮುಟ್ಟಿ ಅಲ್ಲಾಡಿಸಬಾರದು. ಕೋಣೆಯ ದೀಪ ಹಾಕಿ, ಹಾಸಿಗೆಯ ಕಾಲ ಬದಿಯಲ್ಲಿ ಕೈಗೆಟುಕದಷ್ಟು ದೂರ ನಿಂತು, ಹೆಸರು ಹಿಡಿದೋ ಮನೆಯಲ್ಲಿ ಕರೆಯುವಂತೆಯೋ ಕರೆದು, ‘ಮನೆಯಲ್ಲಿದ್ದೀರಿ, ಸೋಮವಾರಪೇಟೆಯಲ್ಲಿದ್ದೀರಿ’ ಎಂದು ಸಮನಾದ ದನಿಯಲ್ಲಿ ಹೇಳಬೇಕು. ಕೈ ತಿರುಚಿದ್ದು ಅಮ್ಮನ ಮೇಲಿನ ಸಿಟ್ಟಿನಿಂದಲ್ಲ, ಆ ಗಳಿಗೆಯಲ್ಲಿ ಮೈ ದ್ರಾಸ್‌ನಲ್ಲೇ ಇರುತ್ತದೆ. ಹಗಲಿನಲ್ಲಿ, ಅಪ್ಪ ಸಮಾಧಾನವಾಗಿದ್ದಾಗ, ಹೀಗೆ ಎಬ್ಬಿಸುತ್ತೇವೆ ಎಂದು ಅವರಿಗೇ ಹೇಳಿ ಒಪ್ಪಿಗೆ ಪಡೆಯಿರಿ. ಬೇರೆ ಹಾಸಿಗೆಯಲ್ಲಿ ಮಲಗುವುದೂ ತಪ್ಪಲ್ಲ.

ಮನೆಯಲ್ಲಿ ಕೋವಿ ಇದೆಯೇ? ಕೊಡಗಿನಲ್ಲಿ ಇದನ್ನು ಕೇಳಲೇಬೇಕು. ಇದ್ದರೆ ಈ ತಿಂಗಳುಗಳಲ್ಲಿ ಠಾಣೆಯಲ್ಲೋ ಪರವಾನಗಿ ಇರುವ ಆಯುಧ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ಹಬ್ಬಕ್ಕೆ ಬೇಕಾದಾಗ ತರಬಹುದು. ಅಪ್ಪನ ಗೌರವ ಕಳೆಯುವಂತೆ ಕಿತ್ತುಕೊಳ್ಳದೆ, ಅವರು ಗೌರವಿಸುವ ಹಳೆಯ ಸಹೋದ್ಯೋಗಿಯ ಬಾಯಿಂದ ಮಾತು ಆಡಿಸಿ.

ನೀವು ಬರೆದ ಲಕ್ಷಣಗಳು ಆಘಾತೋತ್ತರ ಒತ್ತಡದ ಕಾಯಿಲೆಯವು, ಪಿಟಿಎಸ್‌ಡಿ ಎನ್ನುತ್ತಾರೆ: ಕೆಟ್ಟ ಕನಸು, ಬೆಚ್ಚಿಬೀಳುವುದು, ನೆನಪು ತರುವ ಜಾಗಗಳಿಂದ ದೂರ ಸರಿಯುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು. ಖಚಿತ ಮಾಡಬೇಕಾದವರು ಮನೋವೈದ್ಯರು. ನಿವೃತ್ತಿಯ ಮೇಲೆ ಹೆಚ್ಚಾಗುವುದು ಅಪರೂಪವಲ್ಲ. ಪಲ್ಟನ್ನಿನ ದಿನಚರಿ, ಜೊತೆಗಾರರು, ಕೈತುಂಬ ಕೆಲಸ ಇದ್ದಷ್ಟು ದಿನ ಅದು ಅಡಗಿರುತ್ತದೆ.

ರಮ್ ಬಗ್ಗೆ ಎರಡು ವಿಷಯ. ಅದು ಬೇಗ ನಿದ್ದೆ ತರಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಒಡೆದು ಕನಸುಗಳನ್ನು ಇನ್ನಷ್ಟು ಕೆಟ್ಟದಾಗಿಸುತ್ತದೆ. ಹಾಗೆಂದು ಬಾಟಲಿ ಬಚ್ಚಿಟ್ಟು ಒಮ್ಮೆಲೇ ನಿಲ್ಲಿಸಬೇಡಿ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಹಠಾತ್ತನೆ ಬಿಟ್ಟರೆ ಮೊದಲ ಎರಡು ದಿನದೊಳಗೆ ನಡುಕ, ಫಿಟ್ಸ್ ಬರಬಹುದು, ಮೂರು ನಾಲ್ಕನೆಯ ದಿನಕ್ಕೆ ಭ್ರಮೆ, ಗೊಂದಲ ಬರಬಹುದು. ಅದು ಜೀವಕ್ಕೆ ಅಪಾಯ. ಬಿಡಿಸುವುದು ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು.

ಚಿಕಿತ್ಸೆ ಇದೆ, ಇಷ್ಟು ವರ್ಷಗಳ ಮೇಲೂ ಫಲ ಕೊಡುತ್ತದೆ. ಆಘಾತವನ್ನೇ ಕೇಂದ್ರವಾಗಿಟ್ಟ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದು ಒಂದರಿಂದ ಒಂದೂವರೆ ಗಂಟೆ. ಮೊದಲ ಕೆಲವು ಭೇಟಿಗಳಲ್ಲಿ ಕನಸು ಹೆಚ್ಚಾದಂತೆ ಕಾಣಬಹುದು, ಹೆಚ್ಚಿನವರು ಬಿಟ್ಟುಬಿಡುವುದು ಅಲ್ಲಿಯೇ. ಇದನ್ನು ಮೊದಲೇ ತಿಳಿದಿದ್ದರೆ ದಾಟುವುದು ಸುಲಭ. ಸರ್ಟ್ರಾಲಿನ್‌ನಂಥ ಮಾತ್ರೆ ಕೊಟ್ಟರೆ ಗುಣ ಕಾಣಲು 4ರಿಂದ 6 ವಾರ ಬೇಕು, ‘ಏನೂ ಆಗಲಿಲ್ಲ’ ಎಂದು ಎರಡನೇ ವಾರಕ್ಕೇ ನಿಲ್ಲಿಸಬೇಡಿ. ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ತಂದು ರಮ್ ಜೊತೆ ಕೊಡುವುದು ಅಪಾಯಕಾರಿ, ಉಸಿರಾಟವೇ ಕುಗ್ಗಬಹುದು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ಗೆ ಹೋಗಿ ಮನೋವೈದ್ಯರಿಗೆ ರೆಫರಲ್ ಬರೆಸಿಕೊಳ್ಳಿ. ಅಪ್ಪ ‘ಹುಚ್ಚಿನ ಡಾಕ್ಟರ್’ ಎಂದು ಒಲ್ಲೆ ಎಂದರೆ ನಿದ್ದೆಯ ತೊಂದರೆ ಎಂದೇ ಹೊರಡಿಸಿ, ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ. ರಾತ್ರಿ ಹೊತ್ತು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನೂ ಮಾಡಬಹುದು. ಸಾಯುವ ಮಾತಾಡಿದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಜುಲೈ 26 ದೇಶದ ದಿನ. ನಿಮ್ಮ ಅಪ್ಪನ ದಿನ ಬೇರೆ ಇರಬಹುದು. ದ್ರಾಸ್ ಸುತ್ತಲಿನ ಶಿಖರಗಳಲ್ಲಿ ತೋಲೋಲಿಂಗ್ ಕೈಗೆ ಬಂದದ್ದು ಜೂನ್ 13ರಂದು, ಟೈಗರ್ ಹಿಲ್ ಜುಲೈ 4ರಂದು, 4875 ಶಿಖರದ ಕಾದಾಟ ಅದರ ಬೆನ್ನಿಗೇ. ಯಾವ ದಿನ ಅವರಿಗೆ ಭಾರ ಎಂದು ಒಮ್ಮೆ ಕೇಳಿ, ಏಕೆ ಎಂದು ಕೇಳಬೇಡಿ. ಆ ದಿನ ಕೆಲಸ, ನೆಂಟರು, ಸದ್ದು ಕಡಿಮೆ ಇರುವಂತೆ ನೋಡಿಕೊಳ್ಳಿ. ಸನ್ಮಾನ ಏರ್ಪಡಿಸುವವರಿಗೂ ಒಂದು ಮಾತು: ಶಾಲು ಹೊದಿಸಿ ಮೈಕು ಕೊಟ್ಟು ‘ಎಷ್ಟು ಜನರನ್ನು ಹೊಡೆದಿರಿ’ ಎಂದು ಕೇಳುವುದನ್ನು ನಿಲ್ಲಿಸಿ. ಪಟಾಕಿ ಬೇಡ. ಬರಲಾಗದು ಎಂದವರ ಹೆಸರನ್ನು ಗೈರುಹಾಜರಿ ಎಂದು ಓದಬೇಡಿ. ಸತ್ತ ಗೆಳೆಯರ ಹೆಸರು ಓದುವಾಗ ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತು ಹೋಗಲು ಅವಕಾಶವಿದ್ದರೆ ನಿಮ್ಮ ಅಪ್ಪನಂಥವರು ಬಂದೇ ಬರುತ್ತಾರೆ.

ನಮ್ಮ ಮುತ್ತಜ್ಜ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದು ತುರ್ಕಿಯವರ ಮೇಲಿನ ಯುದ್ಧಕ್ಕೆ ಹೋಗಿ ಬರಲಿಲ್ಲವಂತೆ. ಮನೆಯಲ್ಲಿರುವುದು ಒಂದು ಪದಕ ಮಾತ್ರ. ಹುಡುಕುವುದು ಹೇಗೆ?
– ಮೈಸೂರು

ಪದಕದಿಂದಲೇ ಆರಂಭಿಸಿ, ಆದರೆ ಉಜ್ಜಬೇಡಿ. ಅದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಆಗಿದ್ದರೆ ಅದರ ಅಂಚಿನ ಸುತ್ತ ಸಂಖ್ಯೆ, ಹುದ್ದೆ, ಹೆಸರು, ಘಟಕ ಕೊರೆದಿರುತ್ತದೆ. ಸವೆದಿದ್ದರೆ ಓರೆಯಾಗಿ ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಿಯದಾದರೆ ಯೋಧರಿಗೆ ಕೊಟ್ಟದ್ದು. ಕಂಚಿನದಾದರೆ ಅವರು ಕುದುರೆ ನೋಡಿಕೊಳ್ಳುವ ಅಥವಾ ಸಾಮಾನು ಹೊರುವ ಕೆಲಸದವರಾಗಿರಬಹುದು, ಹಾಗಿದ್ದರೆ ಹುಡುಕುವ ಪಟ್ಟಿಯೇ ಬೇರೆ.

ಮುಂದೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ನಡುವೆ ತೀರಿಕೊಂಡವರು ಆ ಪಟ್ಟಿಯಲ್ಲಿರುತ್ತಾರೆ. ಹೆಸರು ಹಾಕಿ ಸಿಗದಿದ್ದರೆ ಸೋಲಬೇಡಿ. ಆಗಿನ ಗುಮಾಸ್ತರು ಕೇಳಿಸಿದಂತೆ ಬರೆದವರು. ಹೆಸರಿನ ಜಾಗ ಖಾಲಿ ಬಿಟ್ಟು ಘಟಕದ ಹೆಸರಿನಿಂದ ಹುಡುಕಿ, ಬಂದ ಪಟ್ಟಿಯಲ್ಲಿ ತಂದೆಯ ಹೆಸರು, ಊರು ನೋಡಿ. ಕುಟುಂಬದ ನೆನಪಿನಲ್ಲಿ ‘ಹೈಫಾದಲ್ಲಿ ಸತ್ತರು’ ಎಂದಿದ್ದರೂ ದಿನಾಂಕ ಪರಿಶೀಲಿಸಿ. ಈಗ ಇಸ್ರೇಲಿನಲ್ಲಿರುವ ಹೈಫಾ ಬಿದ್ದದ್ದು 1918ರ ಸೆಪ್ಟೆಂಬರ್ 23ರಂದು, ಆದರೆ ಮೈಸೂರು ಲ್ಯಾನ್ಸರ್ಸ್ ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲೂ ಕಾದಿದರು. ತುರ್ಕಿಯೊಂದಿಗೆ ಕದನವಿರಾಮವಾದದ್ದು ಅದರ ನಾಲ್ಕು ದಿನದ ಮೇಲೆ. ಮಲೇರಿಯಾ, ಇನ್‌ಫ್ಲುಯೆಂಜಾದಿಂದ ಸತ್ತವರೂ ಹಲವರು.

ಈಜಿಪ್ಟ್, ಪ್ಯಾಲೆಸ್ತೀನ್‌ನಲ್ಲಿ ಮಡಿದ ಸುಮಾರು 4,000 ಭಾರತೀಯರ ಹೆಸರು ಇರುವುದು ಕೈರೋದ ಹೀಲಿಯೋಪೊಲಿಸ್ ಸ್ಮಾರಕದಲ್ಲಿ. ಮೊದಲು ಅದು ಸೂಯೆಜ್ ದಂಡೆಯ ಪೋರ್ಟ್ ತೌಫೀಕ್‌ನಲ್ಲಿತ್ತು, ಈಜಿಪ್ಟ್ ಇಸ್ರೇಲ್ ಕಾಳಗದಲ್ಲಿ ಹಾಳಾದ ಮೇಲೆ 1980ರಲ್ಲಿ ಕೈರೋದಲ್ಲಿ ಹೊಸದಾಗಿ ಮಾಡಿದರು. ಅಲ್ಲೂ ಹೆಸರು ಕಾಣದಿದ್ದರೆ ಅವರು ಹೋಗಲೇ ಇಲ್ಲ ಎಂದು ತೀರ್ಮಾನಿಸಬೇಡಿ. ಏಷ್ಯಾ, ಆಫ್ರಿಕಾದ ಸಾವಿರಾರು ಸೈನಿಕರನ್ನು ಹೆಸರು ಹಿಡಿದು ಸ್ಮರಿಸದೆ ಬಿಟ್ಟದ್ದನ್ನು ಕಮಿಷನ್ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದೆ. ಪದಕದ ಅಂಚಿನ ಸ್ಪಷ್ಟ ಫೋಟೊ, ಮನೆಯ ಯಾವುದೇ ಕಾಗದ ಸೇರಿಸಿ ಅವರಿಗೆ ಬರೆಯಿರಿ. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಬ್ರಿಟಿಷ್ ಸರ್ಕಾರದ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣ ನೋಡಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವೇ ಇದೆ, ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ.

ನಮ್ಮ ಅತ್ತೆಯವರಿಗೆ 82 ವರ್ಷ. ಮಾವ 1971ರಲ್ಲಿ ಮಡಿದವರು. ಬೆರಳಚ್ಚು ಹೊಂದದ ಕಾರಣ ಜೀವನ ಪ್ರಮಾಣಪತ್ರ ಆಗದೆ ಕುಟುಂಬ ಪಿಂಚಣಿ ನಿಂತಿದೆ.
– ಬಾಗಲಕೋಟೆಯಿಂದ ಸೊಸೆ

ವಯಸ್ಸಾದವರ ಬೆರಳಿನ ಗೆರೆ ಸವೆದಿರುವುದರಿಂದ ಇದು ಆಗುತ್ತದೆ. ಮುಖ ಗುರುತಿನ ದಾರಿ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ‘ಜೀವನ್ ಪ್ರಮಾಣ್’ ಮತ್ತು ‘ಆಧಾರ್ ಫೇಸ್ ಆರ್‌ಡಿ’ ಎಂಬ ಎರಡೂ ಆ್ಯಪ್ ಹಾಕಿಕೊಂಡು, ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. ಪಿಂಚಣಿ ಸ್ಪರ್ಶ್‌ಗೆ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ) ಸೇರಿದ್ದರೆ ವಿತರಣಾ ಸಂಸ್ಥೆ ಎಂಬಲ್ಲಿ ಹಳೆಯ ಬ್ಯಾಂಕಿನ ಹೆಸರು ಆರಿಸಬೇಡಿ, ಸ್ಪರ್ಶ್ ಪಿಸಿಡಿಎ ಪೆನ್ಷನ್ಸ್ ಎಂದಿರುವುದನ್ನು ಆರಿಸಿ. ಪ್ರಮಾಣಪತ್ರ ಬಂದರೂ ಹಣ ಬಾರದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಪಿಂಚಣಿ ಆದೇಶದಲ್ಲಿರುವ ಹೆಸರೂ ಆಧಾರ್ ಹೆಸರೂ ಬೇರೆಯಾಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಜಿಲ್ಲಾ ಸೈನಿಕ ಕಚೇರಿಯಲ್ಲಿ ಅರ್ಜಿ ಬರೆಸಿಕೊಡುತ್ತಾರೆ. ನಡೆಯಲಾಗದಿದ್ದರೆ ಅಂಚೆಯಣ್ಣನೇ ಮನೆಗೆ ಬಂದು ಮಾಡಿಕೊಡುವ ಸೇವೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿದೆ. ಮುಂದಿನ ಸಲಕ್ಕೆ ನೆನಪಿರಲಿ, 80 ದಾಟಿದವರು ನವೆಂಬರ್‌ವರೆಗೆ ಕಾಯದೆ ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಪ್ರಮಾಣಪತ್ರ ಸೇರಿದ ಮೇಲೆ ನಿಂತ ತಿಂಗಳುಗಳ ಹಣವೂ ಬಾಕಿಯಾಗಿ ಬರಬೇಕು. ಬಾರದಿದ್ದರೆ ಸ್ಪರ್ಶ್ ತಾಣದಲ್ಲೇ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಪಿಂಚಣಿ ಪುಸ್ತಕದ ಮೇಲೆ ಬರೆದಿಟ್ಟುಕೊಳ್ಳಿ.